ಅಧ್ಯಕ್ಷರ ಸಹಿ ಮತ್ತು ಆಯುಧದ ಹೊಣೆ

ಹಳೆಯ ಕಾಗದಪತ್ರಗಳನ್ನು ಕಟ್ಟಿ ಜೋಪಾನವಾಗಿಟ್ಟಿರುವ ಮನೆಗಳು ನಮ್ಮ ಕಾಸರಗೋಡಿನಲ್ಲಿ ಇನ್ನೂ ಇವೆ. ಅಂಥ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ 1971ರ ಕೊನೆಯ ಅಥವಾ 1972ರ ಲಕೋಟೆಯೊಂದು ಕೈಗೆ ಸಿಕ್ಕಿದರೆ ಅದರ ಮೇಲಿನ ಅಂಚೆಚೀಟಿಗಳನ್ನು ವಾಚಕರು ಒಮ್ಮೆ ಗಮನವಿಟ್ಟು ನೋಡಬೇಕೆಂದು ನಮ್ಮ ಕೋರಿಕೆ. ಮಾಮೂಲು ಚೀಟಿಯ ಪಕ್ಕದಲ್ಲಿ ಐದು ಪೈಸೆಯ ಮತ್ತೊಂದು ಚಿಕ್ಕ ಚೀಟಿ ಅಂಟಿಕೊಂಡಿರುತ್ತದೆ. ಕುಟುಂಬಯೋಜನೆಯ ಪ್ರಚಾರಕ್ಕೆಂದು ಮೊದಲೇ ಅಚ್ಚಾಗಿದ್ದ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರಕ್ಕೆಂದು ಮುದ್ರೆಯೊತ್ತಿ ಸರಕಾರ ಅದನ್ನು ಅವಸರದಲ್ಲಿ ಹೊರಡಿಸಿತ್ತು. ಬಳಿಕ ಅದಕ್ಕೆಂದೇ ಬೇರೆ ಚೀಟಿಯೂ ಬಂತು. 1971ರ ನವೆಂಬರ್ 15ರಿಂದ ದೇಶದ ಯಾವ ಮೂಲೆಯಿಂದ ಲಕೋಟೆ ಕಳುಹಿಸಿದರೂ ಆ ಐದು ಪೈಸೆಯನ್ನು ಹೆಚ್ಚಾಗಿ ತೆರಬೇಕಾಗಿತ್ತು. ಕುಂಬಳೆಯಿಂದ ಮುಂಬಯಿಯ ಹೋಟೆಲಿನಲ್ಲಿದ್ದ ಮಗನಿಗೆ ಕಾಗದ ಬರೆದ ತಾಯಿಯೂ ಅದನ್ನು ತೆತ್ತಿದ್ದಳು.

ಆ ಐದು ಪೈಸೆ ಯಾರಿಗಾಗಿ? ಪೂರ್ವ ಪಾಕಿಸ್ಥಾನದಿಂದ ಪ್ರಾಣ ಉಳಿಸಿಕೊಂಡು ಬಂಗಾಲ, ತ್ರಿಪುರ, ಅಸ್ಸಾಮುಗಳಿಗೆ ಓಡಿಬಂದ ಸುಮಾರು ಒಂದು ಕೋಟಿ ಜನರಿಗಾಗಿ. ಅವರನ್ನು ಓಡಿಸಿದ ಸೈನ್ಯದ ಕೈಯಲ್ಲಿದ್ದ ಟ್ಯಾಂಕುಗಳಲ್ಲಿ, ವಿಮಾನಗಳಲ್ಲಿ ಹಲವು ಅಮೇರಿಕದಿಂದ ಬಂದವು. ಆದುದರಿಂದ ಮಿತ್ರರಾಷ್ಟ್ರವೊಂದಕ್ಕೆ ಕೊಟ್ಟ ಸೈನಿಕ ನೆರವಿಗೆ ಅಮೇರಿಕದ ಅಧ್ಯಕ್ಷನು ಹೊಣೆಯೇ ಅಲ್ಲವೇ ಎಂಬ ಚರ್ಚೆ ವಾಷಿಂಗ್ಟನ್ನಿನ ದಿವಾನಖಾನೆಗೆ ಸೇರಿದ್ದು, ನಮಗೇನು ಎಂದು ಯಾರಾದರೂ ಕೇಳಿದರೆ ನಾವು ಆ ಲಕೋಟೆಯನ್ನು ತೋರಿಸುತ್ತೇವೆ.

ಈ ಚರ್ಚೆ ಈಗ ಮತ್ತೆ ಎದ್ದಿರುವುದು ಗಾಜಾದ ನಿಮಿತ್ತ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಅನಂತರದ ಯುದ್ಧದಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ಅಕ್ಟೋಬರಿನ ಕದನವಿರಾಮದ ಹೊತ್ತಿಗೆ ಸತ್ತವರು 67,000ಕ್ಕೂ ಹೆಚ್ಚು. ಅಲ್ಲಿ ಬಿದ್ದ ಬಾಂಬುಗಳಲ್ಲಿ ಅಮೇರಿಕದವು ಎಷ್ಟು, ಅವುಗಳಿಗೆ ಹೊಣೆ ಬೈಡನ್ನರೋ ಟ್ರಂಪರೋ, ಇಲ್ಲವೇ ಹಣ ಮಂಜೂರು ಮಾಡಿದ ಸಂಸತ್ತೋ ಎಂದು ಅಲ್ಲಿನವರು ವಾದಿಸುತ್ತಿದ್ದಾರೆ. ಒಬ್ಬರ ಬೆಂಬಲಿಗರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನೆರವು ಕೊಟ್ಟುದಕ್ಕೆ ಕೀರ್ತಿ ಬರುವಾಗ ಮಾತ್ರ ಎಲ್ಲರೂ ಪಾಲುದಾರರು. ಒಪ್ಪಂದಕ್ಕೆ ಸಹಿ ಬಿದ್ದುದು ಯಾರ ಕಾಲದಲ್ಲಿ ಎಂದು ಚುನಾವಣೆಯ ಸಭೆಗಳಲ್ಲಿ ಪೈಪೋಟಿಯಿಂದ ಹೇಳಿಕೊಳ್ಳುತ್ತಾರೆ.

ವಿಷಯಕ್ಕೆ ಬರುವ ಮೊದಲು ಎರಡು ಮಾತು ಸ್ಪಷ್ಟಪಡಿಸುವುದು ಲೇಸು, ಏಕೆಂದರೆ ನಮ್ಮ ತರಗತಿಗಳಲ್ಲಿ ಮಕ್ಕಳು ಇಲ್ಲಿಯೇ ಎಡವುತ್ತಾರೆ. ಅಮೇರಿಕದ ಅಧ್ಯಕ್ಷನು ನಮ್ಮ ರಾಷ್ಟ್ರಪತಿಯಂತಲ್ಲ. ನಮ್ಮ ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ಸಹಿ ಮಾಡುವವರು. ಲೋಕಸಭೆಗೆ ಉತ್ತರ ಹೇಳಬೇಕಾದವರು ಮಂತ್ರಿಗಳು. ಅಲ್ಲಿ ಸಲಹೆ ಕೊಡುವ ಮಂತ್ರಿಗಳೇ ಅಧ್ಯಕ್ಷನ ಕೈಕೆಳಗಿನ ನೌಕರರು. ಸಹಿಯೂ ಅವನದೇ, ನಿರ್ಧಾರವೂ ಅವನದೇ. ಅಲ್ಲಿ ಕಾಂಗ್ರೆಸ್ಸು ಎಂದರೆ ಪಕ್ಷವಲ್ಲ, ಪ್ರತಿನಿಧಿಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳ ಸಂಸತ್ತು. ಹಣದ ಚೀಲದ ಬಾಯಿ ಕಾಂಗ್ರೆಸ್ಸಿನ ಕೈಯಲ್ಲಿ. ಸೈನ್ಯ, ರಾಯಭಾರ, ಅಧಿಕಾರಿವರ್ಗಗಳೆಲ್ಲ ಅಧ್ಯಕ್ಷನ ಕೈಯಲ್ಲಿ. ಜವಾಬ್ದಾರಿ ಜಾರಿಹೋಗುವುದು ಈ ಎರಡು ಕೈಗಳ ನಡುವಿನ ಸಂದಿನಲ್ಲಿ.

ಕತೆ ಆರಂಭವಾಗುವುದು 1954ರಲ್ಲಿ. ಕಮ್ಯುನಿಸ್ಟ್ ರಾಷ್ಟ್ರಗಳನ್ನು ತಡೆಗಟ್ಟುವ ನೆಪದಲ್ಲಿ ಅಮೇರಿಕವು ಆ ವರ್ಷ ಪಾಕಿಸ್ಥಾನಕ್ಕೆ ಸೈನಿಕ ನೆರವು ನೀಡಲು ತೀರ್ಮಾನಿಸಿತು. ಅಧ್ಯಕ್ಷ ಐಸೆನ್‌ಹೋವರರು ಫೆಬ್ರವರಿಯಲ್ಲಿ ಪಂಡಿತ ನೆಹರೂ ಅವರಿಗೆ ಸ್ವತಃ ಪತ್ರ ಬರೆದರು. ಈ ನೆರವು ಭಾರತದ ವಿರುದ್ಧ ಅಲ್ಲವೆಂದೂ, ಯಾವುದೇ ದೇಶ ಅದನ್ನು ದುರುಪಯೋಗಪಡಿಸಿ ಇನ್ನೊಂದರ ಮೇಲೆ ಆಕ್ರಮಣ ನಡೆಸಿದರೆ ಅದನ್ನು ತಡೆಯಲು ತಾವು ಕೂಡಲೇ ಕ್ರಮ ಕೈಕೊಳ್ಳುವುದಾಗಿಯೂ ಅದರಲ್ಲಿ ಆಶ್ವಾಸನೆಯಿತ್ತು. 'ನಾನು' ಎಂದೇ ಬರೆದ ಪತ್ರವದು. ಬೇಕಿದ್ದರೆ ಭಾರತಕ್ಕೂ ಅಂಥ ನೆರವು ಕೊಡುವ ಬಗ್ಗೆ ಸಹಾನುಭೂತಿಯಿಂದ ಯೋಚಿಸುವೆವು ಎಂಬ ಮಾತೂ ಅದರಲ್ಲಿತ್ತು. ನೆಹರೂ ಅದನ್ನು ನಯವಾಗಿ ನಿರಾಕರಿಸಿದರು.

ಹನ್ನೊಂದು ವರ್ಷ ಕಳೆದು 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಹೊಲಗಳಿಗೆ ನುಗ್ಗಿದ್ದು ಅದೇ ಅಮೇರಿಕದ ಪ್ಯಾಟನ್ ಟ್ಯಾಂಕುಗಳು. ಅಸಲ್ ಉತ್ತರದ ಕದನದಲ್ಲಿ ಅವು ಎಷ್ಟೊಂದು ಸಂಖ್ಯೆಯಲ್ಲಿ ಕೆಟ್ಟು ಬಿದ್ದವೆಂದರೆ ಸಾಲಾಗಿ ತಂದು ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರವೆಂದು ಜನ ಹೆಸರಿಟ್ಟರು. ಆಗ ಐಸೆನ್‌ಹೋವರರು ಅಧಿಕಾರ ಬಿಟ್ಟು ನಾಲ್ಕೂವರೆ ವರ್ಷಗಳಾಗಿದ್ದವು. ಅವರ ಕುರ್ಚಿಯಲ್ಲಿದ್ದ ಜಾನ್ಸನ್ನರು ಆಕ್ರಮಿತನನ್ನೂ ಆಕ್ರಮಣಕಾರನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆ ನಿಲ್ಲಿಸಿದರು. ಕೊಟ್ಟ ಮಾತು ಕೊಟ್ಟವರೊಡನೆ ನಿವೃತ್ತವಾಯಿತು. ಕೊಟ್ಟ ಟ್ಯಾಂಕು ಮಾತ್ರ ಸೇವೆಯಲ್ಲಿಯೇ ಇತ್ತು. ಸೈನಿಕ ನೆರವಿನ ಬಗ್ಗೆ ಮಾತಾಡುವವರು ಈ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದು ಕಡಿಮೆ. ಅಧ್ಯಕ್ಷನ ಅವಧಿ ನಾಲ್ಕು ವರ್ಷ, ಹೆಚ್ಚೆಂದರೆ ಎಂಟು. ಟ್ಯಾಂಕಿನ ಆಯುಸ್ಸು ಮೂವತ್ತು ವರ್ಷ.

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಇದು ಇನ್ನೊಮ್ಮೆ ಸಿದ್ಧವಾಯಿತು. ಚುನಾವಣೆಯಲ್ಲಿ ಬಹುಮತ ಗಳಿಸಿದ್ದ ಅವಾಮಿ ಲೀಗಿಗೆ ಅಧಿಕಾರ ಕೊಡಲೊಪ್ಪದ ಯಾಹ್ಯಾಖಾನರ ಸೈನ್ಯ ವಿಶ್ವವಿದ್ಯಾಲಯದ ವಸತಿಗೃಹಗಳ ಮೇಲೂ ಹಳೆ ಪಟ್ಟಣದ ಬೀದಿಗಳ ಮೇಲೂ ಎರಗಿದಾಗ ಮುಂದೆ ಹೋದವು ಎರಡನೆಯ ಮಹಾಯುದ್ಧದ ಕಾಲದ ಅಮೇರಿಕನ್ ಎಂ-24 ಟ್ಯಾಂಕುಗಳು. ಮುಂದೆ ಹಳ್ಳಿಗಳ ಮೇಲೆ ಹಾರಿದವು ಸೇಬರ್ ವಿಮಾನಗಳು. ಇವನ್ನೆಲ್ಲ ಕೊಟ್ಟವರು ನಿಕ್ಸನ್ನರಲ್ಲ, ಹಿಂದಿನವರು ಎಂಬುದು ನಿಜ. ಅಂದಿನ ಮಟ್ಟಿಗೆ ನಿಕ್ಸನ್ನರ ಪಕ್ಷಪಾತಿಗಳು ಈ ವಾದವನ್ನೇ ಮುಂದೊಡ್ಡುತ್ತಿದ್ದರು. ಆದರೆ ಮಾರ್ಚ್ 25ರ ನಂತರ ನಡೆದುದನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ.

ಢಾಕಾದಲ್ಲಿ ಅಮೇರಿಕದ ಕಾನ್ಸಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್ ಎಂಬವರು. ಕಣ್ಣಾರೆ ಕಂಡುದನ್ನು ಅವರು ದಿನದಿನವೂ ತಂತಿಯ ಮೂಲಕ ತಿಳಿಸುತ್ತಿದ್ದರು. ನಡೆಯುತ್ತಿರುವುದು ಆಯ್ದು ಮಾಡುವ ನರಮೇಧ ಎಂದು ಮಾರ್ಚ್ 28ರಂದೇ ಬರೆದರು. ವಾಷಿಂಗ್ಟನ್ನಿನಿಂದ ಖಂಡನೆಯ ಒಂದಕ್ಷರವೂ ಹೊರಡದಿದ್ದಾಗ ಏಪ್ರಿಲ್ 6ರಂದು ಅಲ್ಲಿದ್ದ ಇಪ್ಪತ್ತು ಮಂದಿ ಅಧಿಕಾರಿಗಳು ತಮ್ಮ ಸರಕಾರದ ನೀತಿಯನ್ನು ತಾವು ಒಪ್ಪುವುದಿಲ್ಲವೆಂದು ಹೆಸರು ಹಾಕಿ ತಂತಿ ಕಳುಹಿಸಿದರು. ಬ್ಲಡ್ ಅದನ್ನು ತಡೆಯಲಿಲ್ಲ, ತಮ್ಮ ಸಮ್ಮತಿಯನ್ನೂ ಸೇರಿಸಿದರು. ಪರಿಣಾಮವೆಂದರೆ ಅವರನ್ನು ಢಾಕಾದಿಂದ ಹಿಂದಕ್ಕೆ ಕರೆಸಿಕೊಂಡರು. ಮುಂದೆ ಅವರ ಏಳಿಗೆಯೂ ಕುಂಠಿತವಾಯಿತು. ನಮಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿಗೆ ಇಲ್ಲಿ ಎಡೆಯೇ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಸಲಹೆಗಾರ ಕಿಸಿಂಜರರು ಮುಂದೇನು ಮಾಡಬಹುದೆಂಬ ಮಾರ್ಗಗಳನ್ನು ಬರೆದು ಅಧ್ಯಕ್ಷರ ಮುಂದಿಟ್ಟರು. ನಿಕ್ಸನ್ನರು ಆ ಕಡತದ ಮೇಲೆ ತಮ್ಮ ಕೈಯಾರೆ, ಎಲ್ಲರ ಗಮನಕ್ಕೆಂದು, ಸದ್ಯ ಯಾಹ್ಯಾರನ್ನು ಒತ್ತಾಯಿಸಕೂಡದು ಎಂಬರ್ಥದ ಮಾತು ಬರೆದರು. 'ಕೂಡದು' ಎಂಬುದರ ಕೆಳಗೆ ಮೂರು ಗೆರೆ ಎಳೆದರು. ಈ ಕಾಗದ ಈಗ ಪ್ರಕಟವಾಗಿ ಎಲ್ಲರ ಕಣ್ಣೆದುರಿಗಿದೆ. ಸಾಮಾನ್ಯವಾಗಿ ಇಂಥ ವಿಷಯಗಳಲ್ಲಿ ಇತಿಹಾಸಕಾರರು ಯಾರ ಮನಸ್ಸಿನಲ್ಲಿ ಏನಿತ್ತೆಂದು ವರ್ಷಗಟ್ಟಲೆ ತಿಣುಕಬೇಕಾಗುತ್ತದೆ. ಇಲ್ಲಿ ಮಹಾಶಯರು ಗೆರೆ ಎಳೆದು ಇಟ್ಟು ಹೋಗಿದ್ದಾರೆ.

ಕಾರಣ ಏನಿತ್ತೆಂಬುದೂ ರಹಸ್ಯವಾಗಿ ಉಳಿದಿಲ್ಲ. ಚೀನಾದೊಡನೆ ಸಂಧಾನ ನಡೆಸಲು ಯಾಹ್ಯಾಖಾನರೇ ಮಧ್ಯವರ್ತಿ. 1971ರ ಜುಲೈ 9ರಂದು ಕಿಸಿಂಜರರು ಪಾಕಿಸ್ಥಾನದಿಂದಲೇ ಗುಟ್ಟಾಗಿ ಪೀಕಿಂಗಿಗೆ ಹಾರಿದರು. ಆ ಸಂಧಾನದಿಂದ ಜಗತ್ತಿಗೆ ಒಳಿತಾಯಿತೆಂದು ಹೇಳುವವರಿದ್ದಾರೆ. ಅದನ್ನು ಪೂರ್ತಿ ಅಲ್ಲಗಳೆಯಲು ನಾವೂ ಸಿದ್ಧರಿಲ್ಲ. ಆದರೆ ಅದರ ಬೆಲೆ ತೆತ್ತವರು ಢಾಕಾದ ವಿದ್ಯಾರ್ಥಿಗಳು, ಗಡಿ ದಾಟುವಾಗ ಕಾಲರಾ ತಗಲಿ ಸತ್ತ ಕೂಸುಗಳು. ಅವರನ್ನು ಯಾರೂ ಕೇಳಿರಲಿಲ್ಲ.

ಇನ್ನು ಶಸ್ತ್ರಗಳ ಮಾತು. 1965ರ ನಿರ್ಬಂಧದಲ್ಲಿ ಒಂದು ಬಾರಿಯ ವಿನಾಯಿತಿ ಎಂದು ಹೇಳಿ 1970ರ ಅಕ್ಟೋಬರಿನಲ್ಲಿ ನಿಕ್ಸನ್ ಸರಕಾರ ಸುಮಾರು 300 ಕವಚವಾಹನಗಳನ್ನೂ ಕೆಲವು ವಿಮಾನಗಳನ್ನೂ ಪಾಕಿಸ್ಥಾನಕ್ಕೆ ಮಾರಲು ಒಪ್ಪಿತ್ತು. ಮಾರ್ಚ್ ನಂತರ ಶಸ್ತ್ರ ಸಾಗಣೆ ಇಲ್ಲವೆಂದು ವಿದೇಶಾಂಗ ಇಲಾಖೆ ಹೇಳುತ್ತಿತ್ತು. ಜೂನ್ 22ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪಾಕಿಸ್ಥಾನದ ಹಡಗುಗಳು ನ್ಯೂಯಾರ್ಕ್ ಬಂದರಿನಲ್ಲಿ ಸೈನಿಕ ಸಾಮಗ್ರಿ ತುಂಬಿಕೊಂಡು ಹೊರಟಿರುವ ಸುದ್ದಿಯನ್ನು ಹೊರಗೆಡವಿತು. ಅವುಗಳಲ್ಲಿ ಒಂದರ ಹೆಸರು 'ಪದ್ಮಾ'. ಬಂಗಾಲದ ಜೀವನದಿಯ ಹೆಸರು! ಹಳೆಯ ಪರವಾನಗಿಗಳು ಇನ್ನೂ ಊರ್ಜಿತದಲ್ಲಿವೆ, ಅವನ್ನು ರದ್ದುಮಾಡಿಲ್ಲ ಎಂಬುದು ಅಧಿಕಾರಿಗಳ ಉತ್ತರ. ಜುಲೈಯಲ್ಲಿ ಅದೇ ಹಡಗು ಬಾಲ್ಟಿಮೋರ್ ಬಂದರಿಗೆ ಬಂದಾಗ ಕೆಲವು ಸಾಮಾನ್ಯ ಪ್ರಜೆಗಳು ಸಣ್ಣಸಣ್ಣ ದೋಣಿಗಳನ್ನು ಹುಟ್ಟು ಹಾಕಿಕೊಂಡು ಹೋಗಿ ಅದರ ದಾರಿಗೆ ಅಡ್ಡನಿಂತರು. ಪೊಲೀಸರು ಅವರನ್ನು ಎತ್ತಿಕೊಂಡು ಹೋದರು. ಸಾಮಾನು ಏರಿಸುವ ಬಂದರು ಕೂಲಿಕಾರರಲ್ಲೂ ಕೆಲವರು ಕೈಹಚ್ಚಲು ಒಪ್ಪಲಿಲ್ಲ. ಸಹಿ ಮಾಡುವ ಅಧಿಕಾರ ಇಲ್ಲದವರೇ ತಮ್ಮ ಪಾಲಿನ ಹೊಣೆ ಹೊತ್ತ ಪ್ರಸಂಗ ಇದು. ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲಾದರೂ ಸಿಗಬಾರದಿತ್ತೇ ಎಂದು ನಮಗೆ ಅನ್ನಿಸುವುದುಂಟು.

ಕಾಂಗ್ರೆಸ್ಸು ಅಂದು ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. ಸೆನೆಟರ್ ಫ್ರಾಂಕ್ ಚರ್ಚ್ ಮತ್ತು ವಿಲಿಯಂ ಸ್ಯಾಕ್ಸ್‌ಬಿ, ಒಬ್ಬರು ಡೆಮಾಕ್ರಟರು, ಇನ್ನೊಬ್ಬರು ನಿಕ್ಸನ್ನರ ರಿಪಬ್ಲಿಕನ್ ಪಕ್ಷದವರೇ, ಪಾಕಿಸ್ಥಾನಕ್ಕೆ ನೆರವು ನಿಲ್ಲಿಸುವ ತಿದ್ದುಪಡಿ ತಂದರು. ಎಡ್ವರ್ಡ್ ಕೆನೆಡಿ ಆಗಸ್ಟಿನಲ್ಲಿ ಬಂಗಾಲದ ಶಿಬಿರಗಳ ಕೆಸರಿನಲ್ಲಿ ಸ್ವತಃ ನಡೆದು ನೋಡಿ ಹೋದರು. ಈ ಒತ್ತಡ ಬೆಳೆದು ನವೆಂಬರಿನಲ್ಲಿ ಉಳಿದ ಪರವಾನಗಿಗಳು ರದ್ದಾದವು. ಮಾರ್ಚಿನಿಂದ ನವೆಂಬರ್‌ವರೆಗೆ ಎಂಟು ತಿಂಗಳು!

ಇಷ್ಟರಲ್ಲಿಯೂ ಕೆಟ್ಟ ಅಧ್ಯಾಯ ಡಿಸೆಂಬರಿನದು. ಯುದ್ಧ ಆರಂಭವಾದಾಗ ಇರಾನಿನ ಷಾ ಮತ್ತು ಜೋರ್ಡಾನಿನ ದೊರೆ ಹುಸೇನರ ಬಳಿ ಇದ್ದ ಅಮೇರಿಕದ ವಿಮಾನಗಳನ್ನು ಪಾಕಿಸ್ಥಾನಕ್ಕೆ ಕಳುಹಿಸುವಂತೆ ನಿಕ್ಸನ್ನರೂ ಕಿಸಿಂಜರರೂ ಗುಟ್ಟಾಗಿ ಪ್ರೋತ್ಸಾಹಿಸಿದರು. ಇದು ಅಮೇರಿಕದ ಕಾನೂನಿಗೆ ವಿರುದ್ಧವೆಂದು ಅವರದೇ ಇಲಾಖೆಗಳ ವಕೀಲರು ಹೇಳಿದ್ದರು. ಅದು ತಮಗೆ ತಿಳಿದಿತ್ತೆಂಬುದು ಅವರ ಸ್ವಂತ ಧ್ವನಿಮುದ್ರಿಕೆಗಳಿಂದಲೇ ಅನಂತರ ಬೆಳಕಿಗೆ ಬಂತು. ಜೋರ್ಡಾನಿನಿಂದ ಕೆಲವು ವಿಮಾನಗಳು ಹೋದವು ಕೂಡ. ಕಾಂಗ್ರೆಸ್ಸು ಬಾಗಿಲು ಮುಚ್ಚಿದರೆ ಅಧ್ಯಕ್ಷನು ನೆರೆಮನೆಯ ಕಿಟಕಿಯಿಂದ ಶಸ್ತ್ರ ದಾಟಿಸಬಲ್ಲ ಎಂದಾಯಿತು. ಇದಕ್ಕಾಗಿ ನಿಕ್ಸನ್ನರನ್ನು ಯಾರೂ ವಿಚಾರಣೆಗೆ ಗುರಿಪಡಿಸಲಿಲ್ಲ. 1974ರಲ್ಲಿ ಅವರ ಮೇಲೆ ಮಹಾಭಿಯೋಗದ ಕಲಮುಗಳನ್ನು ಸಿದ್ಧಪಡಿಸಿದಾಗ ಕಾಂಬೋಡಿಯದ ಮೇಲೆ ಗುಟ್ಟಾಗಿ ಬಾಂಬು ಹಾಕಿದ ಆರೋಪವನ್ನು ಕೂಡ ಸಮಿತಿ 26ಕ್ಕೆ 12 ಮತಗಳಿಂದ ಬಿಟ್ಟುಬಿಟ್ಟಿತು. ಬಂಗಾಲದ ಹೆಸರೇ ಎತ್ತಲಿಲ್ಲ. ಅವರು ಇಳಿದದ್ದು ವಾಟರ್‌ಗೇಟ್ ಕಟ್ಟಡದ ಕನ್ನಗಳವಿನ ದೆಸೆಯಿಂದ.

ಈ ಅನುಭವಗಳಿಂದ, ವಿಶೇಷವಾಗಿ ವಿಯಟ್ನಾಮಿನಿಂದ, ಪಾಠ ಕಲಿತ ಕಾಂಗ್ರೆಸ್ಸು 1976ರಲ್ಲಿ ಶಸ್ತ್ರ ರಫ್ತು ನಿಯಂತ್ರಣ ಕಾನೂನನ್ನು ತಂದಿತು. ದೊಡ್ಡ ಮಾರಾಟವನ್ನು ಮುಂಚಿತವಾಗಿ ಕಾಂಗ್ರೆಸ್ಸಿಗೆ ತಿಳಿಸಬೇಕು; ಕಾಂಗ್ರೆಸ್ಸು ಬೇಡವೆನ್ನಬಹುದು. ಓದಲು ಬಹಳ ಚೆನ್ನಾಗಿದೆ. ಆದರೆ 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ, ಬೇಡವೆನ್ನುವ ಠರಾವಿಗೂ ಅಧ್ಯಕ್ಷನದೇ ಸಹಿ ಬೇಕೆಂದಾಯಿತು. ಆತ ತಿರಸ್ಕರಿಸಿದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡಂಶ ಮತ ಕೂಡಿಸಬೇಕು. ಇದುವರೆಗೆ ಇಂಥ ಠರಾವಿನಿಂದ ಒಂದೇ ಒಂದು ಮಾರಾಟವೂ ನಿಂತಿಲ್ಲ. 2019ರಲ್ಲಿ ಯೆಮನ್ ಯುದ್ಧದ ಸಮಯದಲ್ಲಿ ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಶಸ್ತ್ರ ಮಾರಾಟ ಬೇಡವೆಂದು ಎರಡೂ ಸದನಗಳು ಹೇಳಿದವು, ಟ್ರಂಪರು ತಿರಸ್ಕರಿಸಿದರು, ಅಲ್ಲಿಗೆ ಮುಗಿಯಿತು.

ಇನ್ನೊಂದು ಉಪಾಯವನ್ನೂ ಕಾಂಗ್ರೆಸ್ಸು ಹುಡುಕಿತ್ತು: ಅಧ್ಯಕ್ಷನಿಂದ ಪ್ರಮಾಣಪತ್ರ ಬರೆಯಿಸಿಕೊಳ್ಳುವುದು. ಶಾಲೆಯ ಮಧ್ಯಾಹ್ನದ ಊಟದ ರಿಜಿಸ್ಟರನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಕ್ಕಿ ಅಳೆಯುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು, ಬಡಿಸುವವರು ಮತ್ತೊಬ್ಬರು. ಸಹಿ ಮಾತ್ರ ಹೆಡ್ಮಾಸ್ತರರದು. ಮಕ್ಕಳಿಗೆ ಹೊಟ್ಟೆನೋವು ಬಂದ ದಿನ ವಿಚಾರಿಸುವುದು ಸಹಿ ಹಾಕಿದವರನ್ನೇ. 1985ರ ಪ್ರೆಸ್ಲರ್ ತಿದ್ದುಪಡಿ ಅಂಥದು. ಪಾಕಿಸ್ಥಾನದ ಬಳಿ ಅಣುಬಾಂಬು ಇಲ್ಲವೆಂದು ವರ್ಷವರ್ಷವೂ ಅಧ್ಯಕ್ಷನು ಬರೆದುಕೊಟ್ಟರೆ ಮಾತ್ರ ನೆರವು. ಅಫಘಾನಿಸ್ಥಾನದಲ್ಲಿ ಸೋವಿಯೆತ್ ಸೈನ್ಯ ಇದ್ದಷ್ಟು ಕಾಲ ರೇಗನ್ನರು ಬರೆದುಕೊಡುತ್ತಲೇ ಹೋದರು. ಕಹೂಟಾದಲ್ಲಿ ಏನು ಬೇಯುತ್ತಿದೆಯೆಂದು ಜಗತ್ತಿಗೆ ವಾಸನೆ ಹತ್ತಿತ್ತು. ಅಧ್ಯಕ್ಷರ ಮೂಗಿಗೆ ಹತ್ತಿರಲಿಲ್ಲ! 1989ರ ಫೆಬ್ರವರಿಯಲ್ಲಿ ಸೋವಿಯೆತ್ ಸೈನ್ಯ ಹೊರಟುಹೋಯಿತು. ಆ ವರ್ಷವೂ ಬುಷ್‌ರು ಸಹಿ ಮಾಡಿದರು. 1990ರ ಅಕ್ಟೋಬರಿನಲ್ಲಿ ಮಾತ್ರ ಲೇಖನಿ ಕೆಳಗಿಟ್ಟರು. ಹಣ ಕಟ್ಟಿದ್ದ 28 ಎಫ್-16 ವಿಮಾನಗಳನ್ನು ಪಾಕಿಸ್ಥಾನಕ್ಕೆ ಕೊಡದೆ ಅರಿಜೋನಾದ ಮರುಭೂಮಿಯಲ್ಲಿ ನಿಲ್ಲಿಸಿದರು. ಬಾಂಬು ಒಂದು ವರ್ಷದಲ್ಲಿ ಹುಟ್ಟಿದ್ದಲ್ಲ. ಬದಲಾದದ್ದು ಅಮೇರಿಕದ ಅಗತ್ಯ. ಸತ್ಯವನ್ನು ಬರೆಯಿಸಲು ತಂದ ಪ್ರಮಾಣಪತ್ರ, ಸತ್ಯವನ್ನು ಮುಚ್ಚುವ ಹೊದಿಕೆಯಾಗಿ ಐದು ವರ್ಷ ನಡೆಯಿತು.

2019ರಲ್ಲಿ ಪ್ರಶ್ನೆ ತಿರುಗುಮುರುಗಾಗಿ ಬಂತು. ಯುಕ್ರೇನಿಗೆಂದು ಕಾಂಗ್ರೆಸ್ಸು ಮಂಜೂರು ಮಾಡಿದ್ದ ಸುಮಾರು 39 ಕೋಟಿ ಡಾಲರುಗಳ ಸೈನಿಕ ನೆರವನ್ನು ಟ್ರಂಪರು ತಡೆಹಿಡಿದರು. ತಮ್ಮ ಚುನಾವಣಾ ಎದುರಾಳಿಯಾಗಬಹುದಾಗಿದ್ದ ಬೈಡನ್ನರ ಮೇಲೆ ತನಿಖೆ ಘೋಷಿಸಬೇಕೆಂದು ಅಲ್ಲಿನ ಅಧ್ಯಕ್ಷರನ್ನು ಒತ್ತಾಯಿಸಲಿಕ್ಕಾಗಿಯೇ ಹೀಗೆ ಮಾಡಿದರೆಂಬ ಆರೋಪದ ಮೇಲೆ ಪ್ರತಿನಿಧಿಸಭೆ ಡಿಸೆಂಬರ್ 18ರಂದು ಮಹಾಭಿಯೋಗ ಹೊರಿಸಿತು. ಹಣ ತಡೆಹಿಡಿದುದು 1974ರ ಕಾನೂನಿನ ಉಲ್ಲಂಘನೆಯೆಂದು ಸರಕಾರಿ ಲೆಕ್ಕಪರಿಶೋಧನಾ ಕಚೇರಿಯೂ 2020ರ ಜನವರಿಯಲ್ಲಿ ಹೇಳಿತು. ಫೆಬ್ರವರಿ 5ರಂದು ಸೆನೆಟ್ ಅವರನ್ನು ಖುಲಾಸೆ ಮಾಡಿತು. ವಿದೇಶನೀತಿ ಅಧ್ಯಕ್ಷನ ಹಕ್ಕು, ಅದರಲ್ಲಿ ಅನ್ಯರು ತಲೆಹಾಕಬಾರದು ಎಂಬುದು ಅವರ ಪರ ವಾದಗಳಲ್ಲಿ ಮುಖ್ಯವಾದದ್ದು. ಈ ವಾದವನ್ನು ಒಪ್ಪುವವರು ಅದರ ಮುಂದಿನ ಹೆಜ್ಜೆಯನ್ನೂ ಒಪ್ಪಬೇಕಲ್ಲವೇ? ಹಕ್ಕು ಪೂರ್ತಿ ಅಧ್ಯಕ್ಷನದಾದರೆ ಹೊಣೆಯಲ್ಲಿ ಕಾಂಗ್ರೆಸ್ಸಿಗೆ ಪಾಲು ಕೊಡುವುದು ಯಾವ ನ್ಯಾಯ?

ಈಗ ಗಾಜಾದ ವಿಷಯವನ್ನು ಈ ಬೆಳಕಿನಲ್ಲಿ ನೋಡಬಹುದು. ಇಸ್ರೇಲಿಗೆ ಹತ್ತು ವರ್ಷಗಳಿಗೆ 3,800 ಕೋಟಿ ಡಾಲರುಗಳ ಸೈನಿಕ ನೆರವಿನ ಒಡಂಬಡಿಕೆ ಆದದ್ದು 2016ರಲ್ಲಿ, ಒಬಾಮಾ ಕಾಲದಲ್ಲಿ. ಅದು ನಡೆಯುವುದು 2028ರವರೆಗೆ. ನಡುವೆ ಬಂದವರೆಲ್ಲ ಅದನ್ನು ಪಾಲಿಸಿದವರು. ಆದುದರಿಂದ ಇಡೀ ಭಾರವನ್ನು ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲವೆಂದು ಬೈಡನ್ನರ ಮಿತ್ರರು ಹೇಳುತ್ತಿದ್ದರು. ಆದರೆ 2023ರ ಡಿಸೆಂಬರಿನಲ್ಲಿ ಸುಮಾರು 14,000 ಟ್ಯಾಂಕ್ ಗುಂಡುಗಳನ್ನು ಮಾರುವಾಗ ತುರ್ತುಪರಿಸ್ಥಿತಿಯ ಕಲಮನ್ನು ಬಳಸಿ ಕಾಂಗ್ರೆಸ್ಸಿನ ಪರಿಶೀಲನೆಯನ್ನು ಬದಿಗಿಟ್ಟವರು ಅವರ ಸರಕಾರವೇ. 2024ರ ಮೇ ತಿಂಗಳಲ್ಲಿ ರಫಾ ನಗರದ ಮೇಲಿನ ದಾಳಿಗೆ ಆಕ್ಷೇಪಿಸಿ 2,000 ಪೌಂಡಿನ ಬಾಂಬುಗಳನ್ನು ತಡೆದವರೂ ಅವರೇ. ತಡೆಯಬಲ್ಲೆನೆಂದು ಒಮ್ಮೆ ತೋರಿಸಿಕೊಟ್ಟವರು, ತಡೆಯದಿದ್ದ ಉಳಿದ ಬಾಂಬುಗಳಿಗೆ ಕೈಯಲ್ಲಿ ಏನೂ ಇರಲಿಲ್ಲ ಎನ್ನುವಂತಿಲ್ಲ. ಅದೇ ತಿಂಗಳ 10ರಂದು ಅವರ ಸರಕಾರ ಕಾಂಗ್ರೆಸ್ಸಿಗೆ ಒಂದು ವರದಿ ಕೊಟ್ಟಿತು. ಅಮೇರಿಕದ ಆಯುಧಗಳು ಅಂತರರಾಷ್ಟ್ರೀಯ ಕಾನೂನಿಗೆ ಹೊಂದದ ರೀತಿಯಲ್ಲಿ ಬಳಕೆಯಾಗಿರಬಹುದೆಂದು ಭಾವಿಸುವುದು ಯುಕ್ತವೆಂದೂ, ಆದರೆ ಖಚಿತವಾಗಿ ಹೇಳಲು ಸಾಕಷ್ಟು ಮಾಹಿತಿ ಇಲ್ಲವೆಂದೂ ಅದರಲ್ಲಿತ್ತು. ನೆರವು ಮುಂದುವರಿಯಿತು. ಪ್ರೆಸ್ಲರ್ ಕಾಲದ ಪ್ರಮಾಣಪತ್ರಗಳನ್ನು ಓದಿದವರಿಗೆ ಈ ಭಾಷೆಯ ಪರಿಚಯ ಇದ್ದೇ ಇದೆ. ತಡೆಹಿಡಿದಿದ್ದ ಆ ದೊಡ್ಡ ಬಾಂಬುಗಳನ್ನು ಟ್ರಂಪರು 2025ರ ಜನವರಿಯಲ್ಲಿ ಬಿಡುಗಡೆ ಮಾಡಿದರು.

ಅಧ್ಯಕ್ಷನು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1982ರಲ್ಲಿ ಲೆಬನಾನಿನಲ್ಲಿ ಗೊಂಚಲುಬಾಂಬುಗಳನ್ನು ಜನವಸತಿಯ ಮೇಲೆ ಹಾಕಿದ್ದಾರೆಂದು ತಿಳಿದಾಗ ರೇಗನ್ನರು ಇಸ್ರೇಲಿಗೆ ಅವುಗಳ ಪೂರೈಕೆಯನ್ನು ನಿಲ್ಲಿಸಿದರು; ಆ ತಡೆ ಆರು ವರ್ಷ ನಡೆಯಿತು. ಅದೇ ವರ್ಷ ಆಗಸ್ಟ್ 12ರಂದು ಬೈರೂತಿನ ಮೇಲೆ ನಡೆಯುತ್ತಿದ್ದ ದಾಳಿಯನ್ನು ಕುರಿತು ಪ್ರಧಾನಿ ಬೆಗಿನರಿಗೆ ದೂರವಾಣಿಯಲ್ಲಿ ಕಟುವಾಗಿ ಹೇಳಿದರು; ದಾಳಿ ಆ ದಿನವೇ ನಿಂತಿತು. ರೇಗನ್ನರೇನು ಇಸ್ರೇಲಿನ ವೈರಿಗಳಾಗಿರಲಿಲ್ಲ. ಪ್ರೆಸ್ಲರ್ ಪ್ರಮಾಣಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದವರೂ ಇವರೇ ಎಂಬುದನ್ನು ನೆನೆದರೆ, ಪ್ರಶ್ನೆ ಅಧಿಕಾರದ್ದಲ್ಲ, ಇಚ್ಛೆಯದು ಎಂಬುದು ಮನದಟ್ಟಾಗುತ್ತದೆ.

ಕಾಂಗ್ರೆಸ್ಸಿನ ಪಾಲನ್ನು ನಾವು ಮನ್ನಾ ಮಾಡುತ್ತಿಲ್ಲ. 2024ರ ನವೆಂಬರಿನಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ತಂದ ತಡೆಠರಾವುಗಳಲ್ಲಿ ಒಂದಕ್ಕೂ ನೂರರಲ್ಲಿ 20 ಮತ ಬೀಳಲಿಲ್ಲ. 2025ರ ಜುಲೈಯಲ್ಲಿ 27 ಬಿದ್ದವು. ಉಳಿದವರು ತಿಳಿದೇ ಕೈ ಎತ್ತಿದವರು. ಆದರೆ ಸೆನೆಟರನ ಮತ ನೂರರಲ್ಲಿ ಒಂದು. ಬೆಳಗಿನ ಹೊತ್ತು ರಾಯಭಾರಿಯ ತಂತಿಯನ್ನು, ಬೇಹುಗಾರರ ವರದಿಯನ್ನು ಎಲ್ಲರಿಗಿಂತ ಮೊದಲು ಓದುವವನು, ಹಡಗನ್ನು ನಿಲ್ಲಿಸೆಂದು ಸಂಜೆಯೊಳಗೆ ಹೇಳಬಲ್ಲವನು ಒಬ್ಬನೇ. ತಿಳಿವಳಿಕೆಯೂ ಅಧಿಕಾರವೂ ಒಂದೇ ಮೇಜಿನ ಮೇಲೆ ಕೂಡುವಲ್ಲಿಯೇ ಮೊದಲ ಹೊಣೆಯೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಹಿಂದಿನವರು ಕೊಟ್ಟುದೆಂಬ ಮಾತು ಮೊದಲ ದಿನಕ್ಕೆ ಸಲ್ಲುತ್ತದೆ. ಎಂಟು ತಿಂಗಳಿಗೆ ಸಲ್ಲುವುದಿಲ್ಲ.

ಈ ಜಾರುಹೊಣೆಯ ರುಚಿ ನಮ್ಮ ಓದುಗರಿಗೆ ತಿಳಿಯದ್ದಲ್ಲ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಅರ್ಜಿ ಹಿಡಿದು ತಿರುಗಿದ ಹೆತ್ತವರನ್ನು ಕೇಳಿ ನೋಡಿ. ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ, ಅದು ಪಟ್ಟಿಯನ್ನು ತೋರಿಸುತ್ತದೆ, ಪಟ್ಟಿ ನಿಯಮವನ್ನು ತೋರಿಸುತ್ತದೆ. ಆದೇಶದ ಕೆಳಗೆ ಸಹಿಯಂತೂ ಸ್ಪಷ್ಟವಾಗಿಯೇ ಇರುತ್ತದೆ. ಬಾಂಬಿಗೂ ನೇಮಕಾತಿಗೂ ಹೋಲಿಕೆ ಮಾಡುವ ಅವಿವೇಕ ನಮ್ಮದಲ್ಲ. ಆದರೆ ಸಹಿಯ ಹಿಂದೆ ಅವಿತುಕೊಳ್ಳುವ ವಿದ್ಯೆ ವಾಷಿಂಗ್ಟನ್ನಿನಲ್ಲಿಯೂ ಇಲ್ಲಿಯೂ ಒಂದೇ.

ಕೊನೆಗೆ ನಮ್ಮದೇ ದೇಶದ ಒಂದು ವಿಷಯ. ಶಸ್ತ್ರ ಕೊಳ್ಳುವ ದೇಶವಾಗಿ ಮಾತ್ರ ಇದ್ದ ಭಾರತ ಈಗ ಮಾರುವ ದೇಶವೂ ಆಗಿದೆ. 2024ರ ಏಪ್ರಿಲಿನಲ್ಲಿ ಬ್ರಹ್ಮೋಸ್ ಕ್ಷಿಪಣಿಗಳು ಫಿಲಿಪ್ಪೀನ್ಸಿಗೆ ಹೋದವು. 2024-25ರಲ್ಲಿ ನಮ್ಮ ರಕ್ಷಣಾ ಸಾಮಗ್ರಿಗಳ ರಫ್ತು 23,622 ಕೋಟಿ ರೂಪಾಯಿ ಎಂದು ಸರಕಾರ ಹೆಮ್ಮೆಯಿಂದ ಹೇಳಿಕೊಂಡಿದೆ. ಆ ಹೆಮ್ಮೆಯಲ್ಲಿ ನಮ್ಮದೂ ಪಾಲಿದೆ. ಆದರೆ ಯಾವ ಸಾಮಗ್ರಿ ಯಾವ ದೇಶಕ್ಕೆ ಎಂದು ಸದಸ್ಯರು ಪಾರ್ಲಿಮೆಂಟಿನಲ್ಲಿ ಕೇಳಿದಾಗ, ವ್ಯೂಹಾತ್ಮಕ ಕಾರಣಗಳಿಂದ ಹೆಸರು ಹೇಳಲಾಗದೆಂಬ ಉತ್ತರ ಬಂದುದುಂಟು. ಅಮೇರಿಕದಲ್ಲಿ ಕನಿಷ್ಠಪಕ್ಷ ದೊಡ್ಡ ಮಾರಾಟಗಳನ್ನು ಮುಂಚಿತವಾಗಿ ಕಾಂಗ್ರೆಸ್ಸಿಗೆ ತಿಳಿಸುವ ಕಾನೂನಿದೆ, ಎಷ್ಟೇ ತೂತುಗಳಿದ್ದರೂ. ನಮ್ಮಲ್ಲಿ ಅಷ್ಟೂ ಇಲ್ಲ. ರಹಸ್ಯ ಬೇಕೆಂದಾದರೆ ರಕ್ಷಣಾ ವಿಷಯದ ಸ್ಥಾಯೀ ಸಮಿತಿಯ ಮುಂದೆ ಬಾಗಿಲು ಮುಚ್ಚಿಯಾದರೂ ಪಟ್ಟಿ ಇಡಬಹುದು. ಕೊಟ್ಟ ಆಯುಧ ಯಾರ ಮೇಲೆ ಬಳಕೆಯಾಯಿತೆಂದು ವರ್ಷಕ್ಕೊಮ್ಮೆ ಮಂತ್ರಿಯವರು ಅಲ್ಲಿ ವರದಿ ಒಪ್ಪಿಸಬಹುದು. ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾಗಿ ಹೋದವರು ಮುಂದಿನ ಅಧಿವೇಶನದಲ್ಲಿ ಇದನ್ನು ಲಿಖಿತವಾಗಿ ಕೇಳಬೇಕೆಂದು ನಾವು ಒತ್ತಾಯಿಸುತ್ತೇವೆ. ಉತ್ತರ ಬಂದರೆ ಅದನ್ನು ಪೂರ್ಣಪಾಠದಲ್ಲಿ ಕನ್ನಡಿಸಿ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.